ಡೇಲ್‌ನ ಗಾಡಿಯ ಇಂಜಿನ್ ಬಿಚ್ಚಿದ ಚಳಿಗಾಲ

ಡ್ರೈ ವೆಲ್ಸ್, ಅರಿಝೋನಾ
12 ನವೆಂಬರ್ 1996

ಮಾರ್ನಿ,

ಇಲ್ಲಿಗೆ ಬಂದು ತಲುಪಿದ್ದೇವೆ. ದಾರಿಯುದ್ದಕ್ಕೂ ಹಾರ್ಲನ್‌ಗೆ ಬೆನ್ನುನೋವು. ಈಗ ಟ್ರೇಲರಿನ ಮುಂದೆ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಾನೆ. ಅಲ್ಲಿ ಹಿಮ ಬಿದ್ದಿರಬೇಕು.

ಕ್ಷೇಮಸಮಾಚಾರ ಇಷ್ಟೇ. ವಿಷಯಕ್ಕೆ ಬರುತ್ತೇನೆ.

ಲೆಂಪಿ ಕಾಗದ ಬರೆದಿದ್ದಾಳೆ. ನಿನ್ನ ಬೇಲಿಯ ಪಕ್ಕದಲ್ಲೇ ಇರುವವಳು, ಅವಳಿಗೆ ಕಾಣದಿರುವುದು ಏನಿದೆ? ಡೇಲ್‌ನ ಫೋರ್‌ವೀಲರನ್ನು, ಆ ನಾಲ್ಕು ಚಕ್ರದ ಬೈಕನ್ನು, ಶೆಡ್ಡಿನ ಮಧ್ಯಕ್ಕೆ ಎಳೆದು ಬಿಚ್ಚುತ್ತಿದ್ದೀಯಂತೆ. ಐನಾರ್‌ನ ಪಿಕಪ್ ಮತ್ತೆ ಮತ್ತೆ ನಿಮ್ಮ ಅಂಗಳದಲ್ಲಿ ನಿಂತಿರುತ್ತದಂತೆ. ನನ್ನ ಮಗನನ್ನು ಮಣ್ಣು ಮಾಡಿ ಇನ್ನೂ ಮೂರು ತಿಂಗಳಾಗಿಲ್ಲ. ಅವನು ಯಾವ ಗಾಡಿಯಿಂದ ಬಿದ್ದು ಸತ್ತನೋ ಅದರ ನಟ್ಟುಬೋಲ್ಟು ಬಿಚ್ಚಲು ನಿನಗೆ ಕೈಯಾದರೂ ಹೇಗೆ ಬಂತು? ಯಾರಿಗೆ ಮಾರಲು ಹೊರಟಿದ್ದೀಯ?

ಇನ್ನೊಂದು ಮಾತು. ಆ ಶನಿವಾರ ಮನೆಯಲ್ಲಿ ಜಗಳವೇನೂ ಆಗಲಿಲ್ಲ ಎಂದು ಪೊಲೀಸರಿಗೆ ಹೇಳಿದೆಯಲ್ಲ. ಲೆಂಪಿಯ ಕಿಟಕಿ ತೆರೆದಿತ್ತು. "ಹೋಗು, ಅಲ್ಲೇ ಇದ್ಬಿಡು" ಅಂತ ನೀನು ಕೂಗಿದ್ದು ಅವಳಿಗೆ ಕೇಳಿಸಿದೆ. ಸಿಟ್ಟಿನಲ್ಲಿ ಮನೆ ಬಿಟ್ಟ ಗಂಡಸು ಹೇಗೆ ಗಾಡಿ ಓಡಿಸುತ್ತಾನೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಗಾಡಿಯನ್ನು ಗುಜರಿಗೆ ಹಾಕುವುದೇ ಸರಿ ಎನ್ನುತ್ತಾನೆ ಹಾರ್ಲನ್. ನೀನು ಹೂಂ ಎಂದರೆ ಅವನೇ ಇಲ್ಲಿಂದ ಹೇಳಿ ಯಾರ ಕೈಯಲ್ಲಾದರೂ ಎತ್ತಿಸುತ್ತಾನೆ.

ಡೇಲ್‌ನ ತಾಯಿ,
ಐಲಿ


ಆಲ್ಡರ್ ಬೇ, ಮಿಷಿಗನ್
25 ನವೆಂಬರ್ 1996

ಐಲಿ ಅವರಿಗೆ,

ನಿಮ್ಮ ಕಾಗದ ಬಂತು. ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ.

ಐನಾರ್ ಹಳೆಯ ಮೆಕ್ಯಾನಿಕ್, ಬರುವುದು ಇಂಜಿನ್ ನೋಡಲಿಕ್ಕೆ. ವಯಸ್ಸು ನಿಮಗಿಂತ ಹೆಚ್ಚು. ಅವರ ಹೆಂಡತಿಯೇ ಏಲಕ್ಕಿ ಬ್ರೆಡ್ಡು ಕಟ್ಟಿಕೊಟ್ಟು ಕಳಿಸುತ್ತಾರೆ. ಲೆಂಪಿಯ ಕಿಟಕಿಗೆ ಬ್ರೆಡ್ಡು ಕಾಣಲಿಲ್ಲವೆಂದು ತೋರುತ್ತದೆ.

ಜಗಳ ಆಗಿತ್ತು, ನಿಜ. ಸೌನಾದ ಒಲೆಯ ಕೊಳವೆ ಸರಿಮಾಡುತ್ತೇನೆಂದು ಡೇಲ್ ಜೂನ್‌ನಿಂದ ಹೇಳುತ್ತಲೇ ಇದ್ದ. ಸಂಜೆ ಹಬೆಸ್ನಾನಕ್ಕೆ ಜನ ಬರುವವರಿದ್ದರು. ಅವನು ಹೆಲ್ಮೆಟ್ ಕೈಗೆತ್ತಿಕೊಂಡ. ನಾನು ಕೂಗಿದೆ. ಅವನು ನಕ್ಕು, "ಬಂದು ಮಾಡ್ತೀನಿ ಕಣೇ, ಒಂದು ಸುತ್ತು ಅಷ್ಟೇ" ಎಂದ. ಲೆಂಪಿಯ ಕಿವಿಗೆ ನನ್ನ ಮಾತು ಕೇಳಿಸಿತು, ಅವನ ಮಾತು ಕೇಳಿಸಲಿಲ್ಲ. ಎರಡು ಬಿಯರ್ ಕುಡಿದಿದ್ದ ಎಂದು ಪೊಲೀಸರು ಬರೆದುಕೊಂಡರು, ಊರಿನವರು ಹತ್ತು ಮಾಡಿದರು.

ಅವನು ಬಿದ್ದ ಜಾಗವನ್ನು ಮಳೆ ಬರುವ ಮುಂಚೆ ಹೋಗಿ ನೋಡಿದೆ. ಹಳಿ ಕಿತ್ತ ಹಳೆಯ ರೈಲುದಾರಿ ಅಲ್ಲಿ ನೂಲು ಹಿಡಿದ ಹಾಗೆ ನೇರವಾಗಿದೆ. ಜಲ್ಲಿಯ ಮೇಲೆ ಹಿಂದಿನ ಎರಡೂ ಚಕ್ರಗಳು ಕಚ್ಚಿಕೊಂಡು ಎಳೆದ ಗೆರೆ ಇತ್ತು, ಮೊದಲು ನೆಟ್ಟಗೆ, ಆಮೇಲೆ ಓರೆಯಾಗಿ, ಆಮೇಲೆ ತೊರೆಯೊಳಕ್ಕೆ. ಬ್ರೇಕ್ ಹಾಕಿದ್ದಾನೆ ಎಂದರು ಪೊಲೀಸರು. ಎದುರಿಗೆ ಯಾರೂ ಇಲ್ಲದ ದಾರಿಯಲ್ಲಿ ಯಾಕೆ ಹಾಕುತ್ತಾನೆ? ಮೊನ್ನೆ ಗಾಡಿಯ ಕಿಕ್ಕರ್ ಮೆಟ್ಟಿ ನೋಡಿದೆ. ಕಲ್ಲಿನ ಹಾಗೆ ನಿಂತಿದೆ. ನಾನು ಮರ ಕಡಿಯುವವರ ಮನೆಯ ಮಗಳು, ಅಣ್ಣಂದಿರ ಗರಗಸದ ಇಂಜಿನ್ ಬಿಚ್ಚಿ ಬೆಳೆದವಳು. ಇದೂ ಅದೇ ಜಾತಿಯದು, ಸ್ವಲ್ಪ ದೊಡ್ಡದು. ಯಾಕೆ ನಿಂತಿತೆಂದು ನೋಡದೆ ಬಿಡುವುದಿಲ್ಲ.

ಈಗ ನಾನೊಂದು ಕೇಳುತ್ತೇನೆ. ಮಣ್ಣು ಮಾಡಿದ ವಾರವೇ ನಿಮ್ಮ ಗಂಡನ ಅಕ್ಕನ ಮಗ ಗಾಡಿ ಎತ್ತಿಕೊಂಡು ಹೋಗಲು ಬಂದಿದ್ದ. ನಾನು ಕಳಿಸಲಿಲ್ಲ. ಈಗ ನಿಮ್ಮ ಕಾಗದದಲ್ಲಿ ಮತ್ತೆ ಅದೇ ಮಾತು. ಹಾರ್ಲನ್ ಅವರಿಗೆ ಇಷ್ಟು ಅವಸರ ಯಾಕೆ?

ಮಾರ್ನಿ ಕೊಸ್ಕೆಲಾ


ಡ್ರೈ ವೆಲ್ಸ್
8 ಡಿಸೆಂಬರ್ 1996

ಮಾರ್ನಿ,

ನಿನ್ನ ಕೊನೆಯ ಸಾಲು ಓದಿ ಕಾಗದವನ್ನು ಒಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ.

ಡೇಲ್‌ನ ಅಪ್ಪ ಹೋದಮೇಲೆ ಹಾರ್ಲನ್ ಇಲ್ಲದಿದ್ದರೆ ನಾನು ನೀನೀಗ ಇರುವ ಆ ಮನೆಯಲ್ಲಿ ಗೋಡೆಯ ಜೊತೆ ಮಾತಾಡಿಕೊಂಡು ಸಾಯುತ್ತಿದ್ದೆ. ಡೇಲ್ ಅವನನ್ನು ಅಪ್ಪ ಎನ್ನಲಿಲ್ಲ, ಆದರೂ ಅವನು ಡೇಲ್‌ನನ್ನು ಮಗನೆಂದೇ ನೋಡಿದ. ನೀನು ದಿನಾ ಆ ಗಾಡಿಯ ಮುಖ ನೋಡಬಾರದೆಂದೇ ಅವನು ಎತ್ತಿಸಲು ಕಳಿಸಿದ್ದು. ಅದರಲ್ಲೂ ನಿನಗೆ ಹುಳುಕು ಕಂಡಿತಲ್ಲ.

ಇಂಜಿನ್ ನಿಂತಿದೆ ಎಂದು ಬರೆದಿದ್ದೀಯ. ರಾತ್ರಿಯಿಡೀ ತೊರೆಯ ನೀರಿನಲ್ಲಿ ಬಿದ್ದಿದ್ದ ಇಂಜಿನ್ ತುಕ್ಕು ಹಿಡಿದು ನಿಲ್ಲದೆ ಇನ್ನೇನು ಮಾಡುತ್ತದೆ? ಹಾರ್ಲನ್‌ನನ್ನು ಕೇಳಿದೆ. ಅವನು ಇನ್ನೊಂದು ಮಾತು ಹೇಳಿದ. ಈ ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕಂತೆ. ಬೆರೆಸದೆ ಬರೀ ಪೆಟ್ರೋಲ್ ಹಾಕಿದರೆ ಒಳಗೆಲ್ಲ ಉಜ್ಜಿ ಸುಟ್ಟುಹೋಗುತ್ತದಂತೆ. ಆ ಶನಿವಾರ ಪೇಟೆಯಿಂದ ಪೆಟ್ರೋಲ್ ಡಬ್ಬಿ ತಂದವರು ಯಾರು? ನೀನು. ಅದಕ್ಕೂ ಲೆಂಪಿ ಸಾಕ್ಷಿ.

ಗಂಡನ ಮೇಲೆ ಸಿಟ್ಟಿದ್ದ ಹೆಂಗಸು ಆಯಿಲ್ ಬೆರೆಸಲು ಮರೆತಳೋ, ಮರೆಯಲಿಲ್ಲವೋ, ಅದನ್ನು ನೀನೇ ಯೋಚಿಸು.

ಈ ಸಲ ಕ್ರಿಸ್ಮಸ್ ಪಾರ್ಸೆಲ್ ಕಳಿಸುವುದಿಲ್ಲ.

ಐಲಿ


ಆಲ್ಡರ್ ಬೇ
3 ಜನವರಿ 1997

ಐಲಿ ಅವರಿಗೆ,

ಕೂಡಲೇ ಉತ್ತರ ಬರೆದಿದ್ದರೆ ಬರೆಯಬಾರದ್ದು ಬರೆಯುತ್ತಿದ್ದೆ. ಬಿಚ್ಚಿ ಹುಡುಕುವ ಕೆಲಸ ಮುಗಿಸಿ ಈಗ ಬರೆಯಲು ಕೂತಿದ್ದೇನೆ.

ಮೊದಲು ಆಯಿಲಿನ ಮಾತು. ಡೇಲ್ ಬಳಸುತ್ತಿದ್ದ ಆಯಿಲಿನ ಬಣ್ಣ ನೀಲಿ. ಗಾಡಿಯ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಗಾಜಿನ ಜಾಡಿಗೆ ಬಸಿದು ಕಿಟಕಿಯಲ್ಲಿಟ್ಟಿದ್ದೇನೆ. ನೀಲಿ ಇದೆ. ಐನಾರ್ ಅವರೂ ನೋಡಿದರು. ಲೆಂಪಿಯೂ ಬೇಲಿ ದಾಟಿ ಬಂದು ನೋಡಬಹುದು.

ತುಕ್ಕಿನ ಮಾತು. ಸಿಲಿಂಡರು ಮೇಲಕ್ಕೆ ಬರಲು ಒಪ್ಪಲಿಲ್ಲ. ಮರದ ತುಂಡು ಕೊಟ್ಟು ಸುತ್ತಲೂ ತಟ್ಟಿ ತಟ್ಟಿ ಬಿಡಿಸಿದೆ. ಪಿಸ್ಟನ್ನಿನ ಒಂದು ಮಗ್ಗುಲು ಕರಗಿ, ಬೆಣ್ಣೆ ಸವರಿದ ಹಾಗೆ ಗೋಡೆಗೆ ಮೆತ್ತಿಕೊಂಡಿತ್ತು. ರಿಂಗು ಆ ಲೋಹದೊಳಗೆ ಹೂತುಹೋಗಿತ್ತು. ತುಕ್ಕು ಹೀಗೆ ಮಾಡುವುದಿಲ್ಲ. ಇದು ಓಡುತ್ತಿರುವಾಗ, ವಿಪರೀತ ಕಾದು, ಒಮ್ಮೆಲೇ ಕಚ್ಚಿಕೊಂಡು ಸೀಜ್ ಆದ ಇಂಜಿನ್. ಗೇರಿನಲ್ಲಿರುವಾಗ ಇಂಜಿನ್ ನಿಂತರೆ ಹಿಂದಿನ ಚಕ್ರವೂ ನಿಲ್ಲುತ್ತದೆ. ಡೇಲ್ ಬ್ರೇಕ್ ಹಾಕಲಿಲ್ಲ.

ಯಾಕೆ ಕಾಯಿತು ಎಂದು ಹುಡುಕಲು ಕ್ರಿಸ್ಮಸ್ ಪೂರ್ತಿ ಹಿಡಿಯಿತು. ಪಿಸ್ಟನ್ನಿಗೆ ಹೊಂದಿ ತಿರುಗುವ ಕ್ರ್ಯಾಂಕ್ ದಂಡದ ಎರಡು ತುದಿಗೂ ಒಂದೊಂದು ರಬ್ಬರ್ ಸೀಲ್ ಇರುತ್ತದೆ, ಎಡಕ್ಕೊಂದು, ಬಲಕ್ಕೊಂದು. ಹೊರಗಿನ ಗಾಳಿ ಒಳಗೆ ನುಗ್ಗದ ಹಾಗೆ ತಡೆಯುವುದು ಅವುಗಳ ಕೆಲಸ. ಗಾಳಿ ಕದ್ದು ನುಗ್ಗಿದರೆ ಒಳಗಿನ ಪೆಟ್ರೋಲು ಸಾಲದಾಗುತ್ತದೆ, ಅದರ ಜೊತೆ ಬರುವ ಆಯಿಲೂ ಸಾಲದಾಗುತ್ತದೆ. ಅಂಗಳದಲ್ಲಿ ಓಡಾಡಿಸಿದರೆ ಗೊತ್ತೇ ಆಗುವುದಿಲ್ಲ. ನೇರ ದಾರಿಯಲ್ಲಿ ಪೂರ್ತಿ ವೇಗಕ್ಕೆ ಹೋದಾಗ ಪಿಸ್ಟನ್ ಕರಗುತ್ತದೆ.

ಎರಡರಲ್ಲಿ ಒಂದು ಸೀಲಿನ ತುಟಿ ಹರಿದಿದೆ. ಓರೆಯಾಗಿ ಬಡಿದು ಕೂರಿಸಿದ್ದಾರೆ, ಅಂಚಿನಲ್ಲಿ ಸ್ಕ್ರೂಡ್ರೈವರಿನ ಗುರುತಿದೆ. ಹರಿದದ್ದು ಗೊತ್ತಾಗಿ ಮೇಲೆ ಕೆಂಪು ಗಮ್ ಮೆತ್ತಿದ್ದಾರೆ. ಡೇಲ್ ಈ ಇಂಜಿನ್ನಿನ ಒಳಗೆ ಕೈ ಹಾಕಿರಲೇ ಇಲ್ಲ. ಏಪ್ರಿಲ್‌ನಲ್ಲಿ ಗಾಡಿ ಅವನಿಗೆ ಕೊಡುವಾಗ ಹಾರ್ಲನ್ ನನ್ನ ಎದುರಿಗೇ ಹೇಳಿದ್ದರು: "ಇಂಜಿನ್ ಪೂರ್ತಿ ನಾನೇ ಮಾಡಿದೀನಿ, ಕಣ್ಣು ಮುಚ್ಕೊಂಡು ಓಡ್ಸು."

ಹರಿದದ್ದು ಎಡದ್ದೋ ಬಲದ್ದೋ ಎಂದು ಇಲ್ಲಿ ಬರೆಯುವುದಿಲ್ಲ. ನನ್ನನ್ನು ಮತ್ತು ಐನಾರ್ ಅವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಒಂದು ಸೀಲ್ ಹರಿದಿತ್ತಂತೆ ಎಂದಷ್ಟೇ ಹಾರ್ಲನ್ ಅವರಿಗೆ ಹೇಳಿ ನೋಡಿ. ಅವರು ಏನು ಹೇಳುತ್ತಾರೋ ಕೇಳಿಸಿಕೊಳ್ಳಿ.

ಮಾರ್ನಿ


ಡ್ರೈ ವೆಲ್ಸ್
20 ಜನವರಿ 1997

ಮಾರ್ನಿ,

ನನ್ನ ಮನೆಯಲ್ಲಿ, ನನ್ನ ಕೈಯಿಂದಲೇ ನನ್ನ ಗಂಡನಿಗೆ ಬೋನು ಇಡಿಸುತ್ತೀಯಾ? ನಾನು ಪೊಲೀಸಿನವಳಲ್ಲ. ಕೇಳುವುದಿಲ್ಲ.

ಆ ಸೀಲನ್ನು ಅಂಚೆಯಲ್ಲಿ ಕಳಿಸು. ಏನಿದ್ದರೂ ನನ್ನ ಕಣ್ಣಿನಿಂದ ನೋಡುತ್ತೇನೆ.

ಐಲಿ


ಆಲ್ಡರ್ ಬೇ
2 ಫೆಬ್ರವರಿ 1997

ಐಲಿ ಅವರಿಗೆ,

ಕಳಿಸುವುದಿಲ್ಲ. ಅಂಚೆಯಲ್ಲಿ ಕಳೆಯಬಹುದು, ತಲುಪಿದ ಮೇಲೂ ಕಳೆಯಬಹುದು. ನಿಮ್ಮ ಟ್ರೇಲರಿನಲ್ಲಿ ನೀವೊಬ್ಬರೇ ಇಲ್ಲ. ಕಳಿಸು ಎಂದು ಬರೆಯಲು ನಿಮಗೆ ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ನಿಮಗೇ ತೋಚಿದ್ದಾದರೆ ನನ್ನ ಅನುಮಾನವನ್ನು ಕ್ಷಮಿಸಿ. ನೋಡಬೇಕಾದರೆ ಬನ್ನಿ.

ನಿಮಗೆ ತಿಳಿಯದ ಒಂದು ಸಂಗತಿ ಬರೆಯುತ್ತೇನೆ. ಪೆಟ್ರೋಲ್ ಡಬ್ಬಿಯ ವಿಷಯ ನೀವು ಲೆಂಪಿಗೂ ಬರೆದಿರಬೇಕು. ನಿಮ್ಮ ಕಾಗದ ನನ್ನ ಕೈ ಸೇರುವ ಮೊದಲೇ ಆ ಮಾತು ಊರಿನ ಅಂಗಡಿಯಲ್ಲಿ ಓಡಾಡುತ್ತಿತ್ತು. ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಹಿಟ್ಟು, ಕಾಫಿಪುಡಿ ತೆಗೆದುಕೊಂಡು ಹೊರಗೆ ಬಂದ ಮೇಲೆ ಮತ್ತೆ ಶುರುವಾಗುತ್ತದೆ. ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಈಗ ನಾನೊಬ್ಬಳೇ. ಕಾಲುಚಾಚಿ ಕೂರಬಹುದು.

ಇಂಜಿನ್ ಕೆಲಸ ನಡೆದಿದೆ. ಕ್ರ್ಯಾಂಕ್ ಹೊರಗೆ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಕರಗಿದ ಲೋಹದ ಪುಡಿ ಬೇರಿಂಗಿನೊಳಗೆಲ್ಲ ಸೇರಿತ್ತು, ಬೇರಿಂಗು ಹೊಸದು ಹಾಕಬೇಕು. ಸಿಲಿಂಡರಿನ ಒಳಗೋಡೆಯನ್ನು ಐನಾರ್ ಒಂದು ಸೈಜು ದೊಡ್ಡದಾಗಿ ಕೊರೆದು ಬೋರ್ ಮಾಡಿಕೊಟ್ಟಿದ್ದಾರೆ. ಒಳಗೆ ಬೆರಳಾಡಿಸಿದರೆ ಆ ಗಾಯವಿದ್ದ ಜಾಗ ಈಗ ತಿಳಿಯುವುದಿಲ್ಲ.

ಸತ್ಯ ತಿಳಿದ ಮೇಲೂ ಯಾಕೆ ಜೋಡಿಸುತ್ತೀಯ ಎಂದು ಐನಾರ್ ಕೇಳಿದರು. ಡೇಲ್‌ನ ಬಟ್ಟೆ ಪೆಟ್ಟಿಗೆಯಲ್ಲಿ, ಬೂಟು ಪೆಟ್ಟಿಗೆಯಲ್ಲಿ, ಬೇಟೆಯ ಸಾಮಾನು ಪೆಟ್ಟಿಗೆಯಲ್ಲಿ. ಅವನದೊಂದು ವಸ್ತುವಾದರೂ ಪೆಟ್ಟಿಗೆಯಿಂದ ಹೊರಗೆ, ಇಡಿಯಾಗಿ ಇರಲಿ ಎಂದೆ.

ಮಾರ್ನಿ


ಡ್ರೈ ವೆಲ್ಸ್
23 ಮಾರ್ಚ್ 1997

ಮಾರ್ನಿ,

ಇಷ್ಟು ದಿನ ಬರೆಯದಿದ್ದುದಕ್ಕೆ ಕಾರಣವಿದೆ. ಇದನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಸೀಲ್ ಕಳಿಸು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ನಿನ್ನ ಅನುಮಾನ ಓದಿದ ಮೇಲೆ ನನಗೇ ಒಂದು ಅನುಮಾನ ಹತ್ತಿಕೊಂಡಿತು. ನಿನ್ನ ಕಾಗದಗಳನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡು ಓಡಾಡತೊಡಗಿದೆ. ಹಾರ್ಲನ್ ಕೇಳಲಿಲ್ಲ. ಮೊದಲೆಲ್ಲ ನಿನ್ನ ಕಾಗದ ಬಂದರೆ "ಏನಂತೆ ಅವಳ್ದು?" ಎನ್ನುತ್ತಿದ್ದವನು ಈಗ ಕೇಳುವುದನ್ನೇ ಬಿಟ್ಟಿದ್ದ. ಅದೂ ನನ್ನನ್ನು ಕೊರೆಯಿತು.

ಫೆಬ್ರವರಿಯ ಕೊನೆಗೆ ಒಂದು ದಿನ ಊಟಕ್ಕೆ ಕೂತಿದ್ದಾಗ ಹೇಳಿಯೇಬಿಟ್ಟೆ.

"ಡೇಲ್ ಗಾಡೀಲಿ ಯಾವ್ದೋ ಒಂದು ಸೀಲ್ ಹರಿದಿತ್ತಂತೆ."

"ಎಡಗಡೇದಾ?" ಎಂದ. ತಲೆ ಎತ್ತಲಿಲ್ಲ, ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಇದ್ದ.

ನಾನು ಚಮಚ ಕೆಳಗಿಟ್ಟೆ. ಅವನ ಕೈ ನಿಂತಿತು.

"ಯಾವ್ದು ಅಂತ ಬರ್ದಿದಾಳೆ?"

"ಬರ್ದಿಲ್ಲ."

"ಯಾವ ಇಂಜಿನ್ನಲ್ಲಾದ್ರೂ ಮೊದ್ಲು ಹೋಗೋದು ಎಡಗಡೇದೇ ಐಲಿ. ಯಾರನ್ ಬೇಕಾದ್ರೂ ಕೇಳು."

ಕೇಳಿದೆ. ಇಲ್ಲಿ ಪಕ್ಕದ ಟ್ರೇಲರಿನವನು ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದವನು. ಎಡದ್ದೂ ಹೋಗುತ್ತದೆ, ಬಲದ್ದೂ ಹೋಗುತ್ತದೆ ಎಂದ. ಅದರಿಂದ ನನಗೆ ಏನೂ ಸಿಗಲಿಲ್ಲ. ಹಗಲು ಹಾರ್ಲನ್‌ನನ್ನು ನಂಬುತ್ತಿದ್ದೆ. ಅವನು ಪಕ್ಕದಲ್ಲಿ ಮಲಗಿ ನಿದ್ದೆ ಬಂದವನ ಹಾಗೆ ಉಸಿರಾಡತೊಡಗಿದರೆ ನಂಬಿಕೆ ಹೋಗುತ್ತಿತ್ತು. ನಿದ್ದೆ ಬಂದಿರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕಳೆದ ಗುರುವಾರ ನಾನು ಬಟ್ಟೆ ಹರವುತ್ತಿದ್ದೆ. ಅವನೇ ಬಂದು ಹಗ್ಗದ ಆಚೆ ನಿಂತ. ನಡುವೆ ಒದ್ದೆ ಬೆಡ್‌ಶೀಟ್. ಮುಖ ಕಾಣುತ್ತಿರಲಿಲ್ಲ.

"ಕೂರಿಸೋವಾಗ್ಲೇ ಹರೀತು," ಎಂದ. "ಬೇರೆ ತರಿಸ್ಬೇಕಿತ್ತು. ಡೇಲ್ ಮಾರನೇ ದಿನಾನೇ ಗಾಡಿಗೆ ಬರ್ತೀನಿ ಅಂದಿದ್ದ. ಗಮ್ ಹಾಕ್ದೆ. ಸ್ಟಾರ್ಟ್ ಮಾಡ್ದೆ, ಚೆನ್ನಾಗೇ ಓಡ್ತು."

"ಅವ್ನಿಗೆ ಹೇಳಿದ್ಯಾ?"

"ಹೇಳೋಣ ಅಂತಿದ್ದೆ. ಬೇಸಗೆ ಮುಗಿದ್ಮೇಲೆ ಬಿಚ್ಚಿ ಸರಿ ಮಾಡೋಣ ಅಂತಿದ್ದೆ."

"ಗಾಡಿ ಎತ್ತಿಸೋಕೆ ಯಾಕೆ ಕಳಿಸ್ದೆ?"

ಬೆಡ್‌ಶೀಟ್ ಸರಿಸಿ ನೋಡಿದಾಗ ಅವನು ಅಲ್ಲಿರಲಿಲ್ಲ. ಕುರ್ಚಿಗೆ ಹೋಗಿ ಕೂತಿದ್ದ.

ನೀನು ಇನ್ನೂ ಹೇಳಿಲ್ಲ, ಎಡವೋ ಬಲವೋ. ಗಮ್ಮಿನ ಮಾತು ಹೊಂದುತ್ತದೆ, ನನಗೂ ಕಾಣುತ್ತದೆ. ಆದರೂ ಬಲ ಎಂದು ಬರೆದರೆ, ಅವನು ತಪ್ಪು ಮಾಡಿದ್ದರೂ ಆ ತಪ್ಪಿನಿಂದ ನನ್ನ ಮಗ ಸಾಯಲಿಲ್ಲ ಎಂದಾಗುತ್ತದೆ. ನಾನು ಅದಕ್ಕೆ ಆಸೆಪಡುತ್ತಿದ್ದೇನೆ ಎಂದು ನಿನಗೆ ಸುಳ್ಳು ಹೇಳದೆ ಬರೆಯುತ್ತಿದ್ದೇನೆ. ಇದ್ದದ್ದನ್ನು ಇದ್ದ ಹಾಗೆ ಬರೆ.

ಐಲಿ


ಆಲ್ಡರ್ ಬೇ
31 ಮಾರ್ಚ್ 1997

ಐಲಿ ಅವರಿಗೆ,

ಎಡ.

ಬಸ್ಸು ನಮ್ಮ ಊರೊಳಗೆ ಬರುವುದಿಲ್ಲ, ಹೆದ್ದಾರಿಯ ಪೆಟ್ರೋಲ್ ಬಂಕಿನ ಹತ್ತಿರ ನಿಲ್ಲುತ್ತದೆ. ಯಾವ ದಿನ ಎಂದು ತಿಳಿಸಿದರೆ ಅಲ್ಲಿರುತ್ತೇನೆ.

ಮಾರ್ನಿ


ಆಲ್ಡರ್ ಬೇ
11 ಮೇ 1997

ಹಾರ್ಲನ್,

ತಲುಪಿದೆ ಎಂಬ ಫೋನು ಬಿಟ್ಟರೆ ನಿನಗೆ ಏನೂ ತಿಳಿಸಿಲ್ಲ. ಈಗ ಬರೆಯುತ್ತೇನೆ, ಪೂರ್ತಿ ಓದು.

ಮಾರ್ನಿ ಬಸ್ಸಿನ ಹತ್ತಿರ ಬಂದಿದ್ದಳು. ಬಹಳ ಇಳಿದುಹೋಗಿದ್ದಾಳೆ. ಮನೆಗೆ ಬಂದು ಕೋಟು ತೆಗೆಯುವ ಮೊದಲೇ ಆ ಸೀಲನ್ನು ನನ್ನ ಅಂಗೈಯಲ್ಲಿಟ್ಟಳು. ಒಂದು ರಬ್ಬರ್ ಉಂಗುರ, ಅಷ್ಟೇ. ನಿನ್ನ ಕೆಂಪು ಗಮ್ ಇನ್ನೂ ಅದರ ಮೇಲಿತ್ತು. ನೋಡಿ ಮುಗಿಸಿದ ಮೇಲೆ ಅವಳು ಅದನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡಳು. ನಾನು ಬಿಟ್ಟುಕೊಟ್ಟೆ. ಅವಳಿಗೆ ನನ್ನ ಮೇಲೆ ಇನ್ನೂ ಪೂರ್ತಿ ನಂಬಿಕೆಯಿಲ್ಲ. ಇರಬೇಕೆಂದು ಕೇಳಲು ನನಗೆ ಬಾಯಿಲ್ಲ.

ಎಡಗಡೆಯ ಹೊಸ ಸೀಲನ್ನು ನನಗಾಗಿ ಕಾದಿರಿಸಿದ್ದಳು. ನಾನು ದೀಪ ಹಿಡಿದೆ. ಕ್ರ್ಯಾಂಕಿನ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿದಳು, ತುಟಿಗೆ ಗ್ರೀಸು ಸವರಿದಳು, ಅಗಲವಾದ ಬಿಲ್ಲೆಯೊಂದನ್ನು ಮೇಲಿಟ್ಟು ಸುತ್ತಲೂ ಸಮವಾಗಿ ಒತ್ತಿದಳು. ಅದು ಸದ್ದಿಲ್ಲದೆ ಹೋಗಿ ಕೂತಿತು. ಒಲೆಯ ಮೇಲೆ ಕಾಫಿ ಇಟ್ಟು ಬಂದಿದ್ದೆ, ಹೋಗಿ ನೋಡಿದರೆ ಅದು ಇನ್ನೂ ಕುದಿ ಬಂದಿರಲಿಲ್ಲ. ಅಷ್ಟೇ ಹೊತ್ತಿನ ಕೆಲಸ ಹಾರ್ಲನ್.

ಆಮೇಲೆ ಒಂದು ವಾರ ಬೇಕಾಯಿತು ಎಲ್ಲ ಜೋಡಿಸಲು. ಸ್ಟಾರ್ಟ್ ಆದಾಗ ಶೆಡ್ಡಿನ ತುಂಬ ನೀಲಿ ಹೊಗೆ. ಹೊಸ ಪಿಸ್ಟನ್ ಅಲ್ಲವಾ, ಬಿಸಿ ಮಾಡಿ ಆರಿಸಿ, ಮತ್ತೆ ಬಿಸಿ ಮಾಡಿ ಆರಿಸಿ ಎರಡು ದಿನ ಅಂಗಳದಲ್ಲೇ ಇಟ್ಟಳು. ನಿನ್ನೆ ಹೆಲ್ಮೆಟ್ ಹಾಕಿಕೊಂಡು ಹೊರಟಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ಹಿತ್ತಿಲಲ್ಲಿ ನಿಂತು ಸದ್ದು ಕೇಳುತ್ತಿದ್ದೆ. ಹಳೆಯ ರೈಲುದಾರಿ ಹಿಡಿದು ದೂರ ಹೋಯಿತು. ತೊರೆಯ ಹತ್ತಿರ ನಿಂತೇಹೋಯಿತು. ನಾನು ಬೇಲಿಯವರೆಗೆ ನಡೆದೆ. ಲೆಂಪಿ ತನ್ನ ಜಗಲಿಯಿಂದ ನನ್ನನ್ನೇ ನೋಡುತ್ತಿದ್ದಳು, ಅವಳೂ ಎದ್ದು ನಿಂತಳು. ಎಷ್ಟು ಹೊತ್ತೋ. ಆಮೇಲೆ ಮತ್ತೆ ಸದ್ದು ಬಂತು. ಮಾರ್ನಿ ಅಲ್ಲಿ ತಾನೇ ಇಂಜಿನ್ ಆರಿಸಿ ಸ್ವಲ್ಪ ಹೊತ್ತು ಕೂತಿದ್ದಳಂತೆ. ಕಣ್ಣು ಕೆಂಪಗಿತ್ತು. "ಚೆನ್ನಾಗಿ ಓಡತ್ತೆ," ಎಂದಳು.

ಇವತ್ತು ತಾಯಂದಿರ ದಿನ. ಚರ್ಚಿನಲ್ಲಿ ನಾನು ಮಾರ್ನಿಯ ಬೆಂಚಿನಲ್ಲಿ ಕೂತೆ. ಕೆಳಗೆ ಕಾಫಿಗೆ ಸೇರಿದಾಗ ಪಾದ್ರಿಯ ಹೆಂಡತಿ ಎಲ್ಲ ತಾಯಂದಿರಿಗೂ ಒಂದೊಂದು ಹೂ ಕೊಟ್ಟಳು. ನನ್ನ ಕೈಗೆ ಕೊಟ್ಟಾಗ ಎದ್ದು ನಿಂತೆ. "ನನ್ನ ಮಗ ಕುಡಿದು ಬೀಳ್ಲಿಲ್ಲ," ಎಂದೆ. "ಹೆಂಡ್ತಿ ಮೇಲಿನ ಸಿಟ್ಟಿಗೂ ಬೀಳ್ಲಿಲ್ಲ. ಅವಳು ಆಯಿಲ್ ಬೆರೆಸಿದ್ಲು, ನಾನೇ ಜಾಡಿ ನೋಡ್ದೆ. ಇಂಜಿನ್ ಹಿಡ್ಕೊಂಡಿದ್ದು ಸೀಲ್ ಹರಿದಿದ್ರಿಂದ. ಅದು ಹರಿದಿದೆ ಅಂತ ಗೊತ್ತಿದ್ದೂ ಕೊಟ್ಟವನು ನನ್ನ ಗಂಡ." ಲೆಂಪಿ ಅಳುತ್ತಾ ಮಾರ್ನಿಯ ಬಟ್ಟಲಿಗೆ ಕಾಫಿ ಹಾಕಲು ಬಂದಳು. ಮಾರ್ನಿ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದು ಬೇಡ ಎಂದಳು. ಅದೂ ಸರಿಯೇ.

ನೀನು ಡೇಲ್‌ನನ್ನು ಕೊಂದೆ ಎಂದು ನಾನು ಹೇಳುವುದಿಲ್ಲ. ಅವಸರದಲ್ಲಿ ಕೆಲಸ ಕೆಡಿಸಿದೆ, ಹೇಳೋಣ ಹೇಳೋಣ ಎಂದುಕೊಂಡು ಹೇಳದೆ ಉಳಿದೆ. ಅಷ್ಟೇ ಆಗಿದ್ದರೆ ನಿನ್ನ ಕೈ ಹಿಡಿದು ಅತ್ತು ಸುಮ್ಮನಾಗುತ್ತಿದ್ದೆನೇನೋ. ಆದರೆ ಆಯಿಲ್ ಬೆರೆಸಿರಲಿಕ್ಕಿಲ್ಲ ಎಂದು ನನ್ನ ಬಾಯಿಗೆ ಇಟ್ಟವನು ನೀನು. ಆ ಹುಡುಗಿಗೆ ನಾನು ಬೈದು ಬರೆದ ಒಂದೊಂದು ಕಾಗದಕ್ಕೂ ಅಂಚೆಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿ ಬಂದವನು ನೀನು. ಏನು ಬರೆದಿದ್ದೇನೆಂದು ನಿನಗೆ ಓದಿ ಹೇಳುತ್ತಿದ್ದೆನಲ್ಲ, ಆಗ ತಲೆಯಾಡಿಸುತ್ತಿದ್ದೆ.

ಡೇಲ್‌ನ ಹಳೆಯ ಕೋಣೆಯಲ್ಲಿ, ಮಾರ್ನಿಯ ಮನೆಯಲ್ಲೇ, ಮಂಚ ಹಾಕಿಕೊಂಡಿದ್ದೇನೆ. ನನ್ನ ಚಳಿಗಾಲದ ಬೂಟು ಮತ್ತು ಹೊಲಿಗೆ ಯಂತ್ರ ಪಾರ್ಸೆಲ್ ಮಾಡಿಸು. ಈ ಕಾಗದವನ್ನು ನಾನೇ ನಡೆದುಕೊಂಡು ಹೋಗಿ ಪೆಟ್ಟಿಗೆಗೆ ಹಾಕುತ್ತೇನೆ.

ಐಲಿ